ರೋದೆ ಅಂದರೆ ಅಳುವಲ್ಲ

ಅವಳ ಅಪ್ಪ ಬಸ್ ಡಿಪೋದಲ್ಲಿ ಪಂಕ್ಚರ್ ಹಾಕುತ್ತಿದ್ದ. ತಿಳಿದಿದ್ದ ಪವಿತ್ರ ಹೆಸರುಗಳೆಲ್ಲ ಮೊದಲ ನಾಲ್ಕು ಮಕ್ಕಳಿಗೇ ಖರ್ಚಾಗಿದ್ದವು. ಐದನೆಯದು ಹುಟ್ಟಿದಾಗ ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ. ಬೆರಳು ನೆಟ್ಟಗೆ ಹೋಗಿ ಕೂತದ್ದು ‘ಹೆರೋದ’ನ ಮೇಲೆ.

“ಥೂ, ಭಕ್ತರನ್ನ ಕೊಲ್ಲಿಸಿದ ರಾಜ ಅವನು!” ಎಂದು ಬಾಣಂತಿ ಅವನ ಕೈಗೆ ಫಟೀರನೆ ಹೊಡೆದಳು. ಬೆರಳು ಕೆಳಗೆ ಜಾರಿ, ಅದೇ ಅಧ್ಯಾಯದಲ್ಲಿ ಬಾಗಿಲ ಸದ್ದಿಗೆ ಓಡಿಬರುವ ಒಬ್ಬ ದಾಸಿಯ ಹೆಸರಿನ ಮೇಲೆ ನಿಂತಿತು: ರೋದೆ. ಮಗಳಿಗೆ ಅದೇ ಖಾಯಂ ಆಯಿತು.

ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗುತ್ತ ತಡೆದರು. “ರೋದೆ… ರೋದನೆ… ಅಂದ್ರೆ ಅಳು. ಕೂತ್ಕೊಳಮ್ಮ, ಅಳಬೇಡ.” ತರಗತಿ ಹೋ ಎಂದಿತು. ಅಂದಿನಿಂದ ಅವಳು ಅಳುಬುರುಕಿ. ನಿಜ ಹೇಳಬೇಕೆಂದರೆ ಅಳುತ್ತಿದ್ದವರು ಹಾಗೆ ಕರೆದವರು. ಮೂವರ ಮೊಣಕೈಯಲ್ಲಿ ಅವಳ ಹಲ್ಲಿನ ಗುರುತಿತ್ತು.

ಹೆಸರು ಮದುವೆಗೂ ಅಡ್ಡ ಬಂತು. “ಮನೆಗೆ ಬರೋ ಸೊಸೆ ಹೆಸರಲ್ಲೇ ಗೋಳಿದ್ರೆ ಹೆಂಗೆ? ಬದಲಾಯಿಸಿ” ಎಂದು ಹುಡುಗನ ತಾಯಿ ಪಟ್ಟು ಹಿಡಿದರು. ಇವಳು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಆಹ್ವಾನ ಪತ್ರಿಕೆಯಲ್ಲಿ ವಧುವಿನ ಹೆಸರಿರಬೇಕಾದ ಕಡೆ ‘ನಮ್ಮ ಕೊನೆಯ ಮಗಳು’ ಎಂದಷ್ಟೇ ಅಚ್ಚಾಯಿತು. ಗಂಡ ಬ್ರೆಡ್ಡಿನ ವ್ಯಾನ್ ಓಡಿಸುವವನು, ಹಾರ್ನ್ ಹೊಡೆಯಲೂ ಅಮ್ಮನ ಮುಖ ನೋಡುವ ಆಸಾಮಿ. ಅತ್ತೆ ಇಪ್ಪತ್ತಾರು ವರ್ಷ ಅವಳನ್ನು ‘ಏ, ಅಳುಮೋರೆ’ ಎಂದೇ ಕರೆದರು.

ಅವಳ ಕೆಲಸ ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನ ಬಾಗಿಲು ಕಾಯುವುದು. ಕಬ್ಬಿಣದ ಸ್ಟೂಲು, ಒಂದು ಕಟ್ಟು ಹಳದಿ ಪಾಸು, ಅವಕ್ಕೆ ಸಹಿ ಹಾಕಲು ದಾರದಲ್ಲಿ ನೇತಾಡುವ ಪೆನ್ನು. ನೋಡಲು ಬರುವವರಿಗೆ ನಾಲ್ಕರಿಂದ ಆರು. ಆರು ಹೊಡೆದ ಮೇಲೆ ಸ್ವರ್ಗದಿಂದ ಯಾರೇ ಇಳಿದು ಬಂದರೂ ನಾಳೆ ಬರಬೇಕಿತ್ತು.

ಒಮ್ಮೆ ಹನ್ನೊಂದನೇ ಮಂಚಕ್ಕೆ ಕಾಲು ಮುರಿದುಕೊಂಡ ಮುದುಕರೊಬ್ಬರು ಬಂದರು. ಪಾದ್ರಿಯಾಗಲು ಓದುವವರಿಗೆ ಗ್ರೀಕ್ ಕಲಿಸಿ ನಿವೃತ್ತರಾದವರು. ಮೇಲಕ್ಕೆ ಕಟ್ಟಿದ ಕಾಲಿನ ಸಂದಿಯಿಂದ ಇವಳ ಎದೆಯ ಮೇಲಿನ ಹೆಸರುಪಟ್ಟಿ ಓದಿ, ಮುಖ ಅರಳಿಸಿ, “ಓಹೋ, ಗುಲಾಬಿ!” ಎಂದರು.

ಇವಳು ದಡದಡ ಹೋಗಿ ದೊಡ್ಡ ಸಿಸ್ಟರಿಗೆ ದೂರು ಕೊಟ್ಟಳು. “ಹನ್ನೊಂದನೇ ನಂಬರ್ ಮುದುಕನಿಗೆ ಕಾಲು ಮುರಿದ್ರೂ ಚಪಲ ಹೋಗಿಲ್ಲ. ನನ್ನನ್ನ ಗುಲಾಬಿ ಅಂತಾನೆ.”

ದೊಡ್ಡ ಸಿಸ್ಟರ್ ವಿಚಾರಣೆಗೆ ಬಂದಾಗ ಮುದುಕರು ಕಕ್ಕಾಬಿಕ್ಕಿ. “ಅಯ್ಯೋ ತಾಯಿ, ನಾನಿಟ್ಟ ಹೆಸರಲ್ಲ ಅದು! ರೋದೆ ಗ್ರೀಕ್ ಮಾತು. ಗ್ರೀಕರು ಗುಲಾಬಿಗೆ ರೋದೊನ್ ಅಂತಾರೆ, ಅದರಿಂದ ಬಂದಿದ್ದು. ದಾಸಿಯರಿಗೆ ಇಂಥ ಮುದ್ದಿನ ಹೆಸರಿಡೋದು ಆಗಿನ ರೂಢಿ. ಕೆಲಸ ಕತ್ತೆ ಥರ, ಹೆಸರು ಹೂವಿನ ಥರ.”

“ಮತ್ತೆ ರೋದನೆ?” ಸಿಸ್ಟರ್ ಬೆನ್ನ ಹಿಂದಿನಿಂದ ಇವಳು ಕೇಳಿದಳು.

“ಅದು ಸಂಸ್ಕೃತ. ಇದಕ್ಕೂ ಅದಕ್ಕೂ ಯಾವ ನಂಟೂ ಇಲ್ಲ.”

ಅವಳು ಬಾಗಿಲ ಬಳಿಯ ಸ್ಟೂಲಿಗೆ ವಾಪಸಾದಳು. ನಲವತ್ತೆಂಟು ವರ್ಷ ಬೇರೆ ಯಾರದೋ ಅಳು ಹೊತ್ತುಕೊಂಡು ತಿರುಗಿದ್ದೆನಲ್ಲ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಯಾಕೋ ನಗು ಬಂತು.

ಸಂಜೆ ಮನೆಗೆ ಹೋದವಳು ಚಪ್ಪಲಿ ಬಿಡುವ ಮುನ್ನವೇ ಅತ್ತೆಗೆ ಸುದ್ದಿ ಹೇಳಿದಳು. “ಅತ್ತೆ, ನನ್ನ ಹೆಸರಿಗೆ ಗುಲಾಬಿ ಅಂತ ಅರ್ಥವಂತೆ.”

ಅತ್ತೆ ಕನ್ನಡಕದ ಮೇಲಿಂದ ನೋಡಿದರು. “ಇರಬಹುದು ಬಿಡು. ಮುಳ್ಳಿರೋದು ನಂಗೆ ಮೊದ್ಲೇ ಗೊತ್ತಿತ್ತು.”

ಅದಾದ ಮೂರನೇ ಭಾನುವಾರ ಚರ್ಚಿನಲ್ಲಿ ಅದೇ ಅಧ್ಯಾಯ ಬಂತು. ಸೆರೆಯಿಂದ ಬಿಡುಗಡೆಯಾದ ಶಿಷ್ಯ ಪೇತ್ರ ಬಂದು ಭಕ್ತರು ಸೇರಿದ್ದ ಮನೆಯ ಬಾಗಿಲು ತಟ್ಟುತ್ತಾನೆ. ದಾಸಿ ರೋದೆ ಅವನ ದನಿ ಗುರುತಿಸಿ, ಸಂತೋಷದ ಭರದಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಒಳಗಿದ್ದವರು ನಿನಗೆ ಹುಚ್ಚು ಎನ್ನುತ್ತಾರೆ. ಪಾದ್ರಿಗಳು ಎಂದಿನಂತೆ ಆ ‘ಪೆದ್ದು ದಾಸಿ’ಯ ಮೇಲೆ ಒಂದು ಜೋಕು ಹೊಡೆದರು. ಜನ ಎಂದಿನಂತೆ ನಕ್ಕರು.

ಮೂರನೇ ಬೆಂಚಿನಿಂದ ಇವಳು ಎದ್ದು ನಿಂತಳು. “ಅಯ್ಯನವರೇ, ಒಂದ್ ನಿಮಿಷ. ಒಳಗಿದ್ದ ದೊಡ್ಡವರೆಲ್ಲ ಏನ್ ಮಾಡ್ತಿದ್ರು?”

“ಪ್ರಾರ್ಥನೆ ಕಣಮ್ಮ. ಪೇತ್ರನಿಗೋಸ್ಕರ.”

“ಅವನೇ ಬಂದು ಬಾಗಿಲು ತಟ್ಟಿದಾಗ ಅವರು ನಂಬಿದ್ರಾ?”

“ಅದೂ… ಇಲ್ಲ.”

“ಇಡೀ ಮನೇಲಿ ನಂಬಿದ್ದು ಅವಳೊಬ್ಳೇ. ಮತ್ತೆ ಪೆದ್ದು ಅವಳು ಹೆಂಗಾದ್ಳು? ಬಾಗಿಲು ಕಾಯೋರ ಕಷ್ಟ ಬಾಗಿಲು ಕಾಯೋರಿಗೇ ಗೊತ್ತು.”

ಪಾದ್ರಿಗಳು ಪುಸ್ತಕದ ಹಾಳೆ ಮುಂದಕ್ಕೆ ಮಗುಚಿದರು, ಹಿಂದಕ್ಕೆ ಮಗುಚಿದರು. ಕಿವಿ ಮಂದವಾಗಿದ್ದ ಅತ್ತೆ, “ಏನಂದ್ಳು? ಏನಂದ್ಳು?” ಎಂದು ಪಕ್ಕದವರನ್ನು ತಿವಿದರು. ಪಕ್ಕದವರು ಕಿವಿಯಲ್ಲಿ ಉಸುರಿದ ಮೇಲೆ, “ಸರಿಯಾಗೇ ಅಂದಿದ್ದಾಳಲ್ಲ!” ಎಂದು ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟರು. ಸೊಸೆಯ ಪರವಾಗಿ ಅವರಾಡಿದ ಮೊದಲ ಮಾತು ಅದು. ಮುಂದಿನ ವರ್ಷದಿಂದ ಪಾದ್ರಿಗಳು ಆ ಅಧ್ಯಾಯ ಹಾರಿಸಿ, ಮೀನಿನ ಹೊಟ್ಟೆಯೊಳಗೆ ಹೋದವನ ಕಥೆಗೆ ಬಿದ್ದರು. ಅವನ ಪರವಾಗಿ ಮಾತಾಡಲು ಬೆಂಚಿನಲ್ಲಿ ಯಾರೂ ಇರಲಿಲ್ಲ.

ಮುದುಕರ ಕಾಲು ಕೂಡುವಷ್ಟರಲ್ಲಿ ಅವಳು ಊಟದ ಬಿಡುವಿನಲ್ಲಿ ಅವರಿಂದ ಗ್ರೀಕಿನಲ್ಲಿ ತನ್ನ ಹೆಸರು ಬರೆಯುವುದನ್ನು ಕಲಿತಳು. ನಾಲ್ಕೇ ಅಕ್ಷರ, ಮೇಲೊಂದೆರಡು ಗೀಟು. ಹಾಜರಿ ಪುಸ್ತಕದಲ್ಲಿ ಹಾಗೇ ಸಹಿ ಹಾಕಿದಾಗ ಆಫೀಸಿನ ಗುಮಾಸ್ತ, “ಇದೇನಮ್ಮ, ಕೋಳಿ ಕೆದರಿದಂಗಿದೆ!” ಎಂದು ಹೊಡೆದುಹಾಕಿದ. ಆಯಿತು, ಅಲ್ಲಿ ಮೊದಲಿನ ಸಹಿಯೇ ಇರಲಿ ಎಂದು ಗ್ರೀಕನ್ನು ಹಳದಿ ಪಾಸುಗಳ ಮೇಲೆ ಮಾತ್ರ ಉಳಿಸಿಕೊಂಡಳು.

ಓದಲಾಗದ ಆ ಸಹಿ ಕಂಡವರೆಲ್ಲ ಯಾರೋ ಭಾರೀ ಡಾಕ್ಟರದ್ದೇ ಇರಬೇಕು ಎಂದುಕೊಂಡರು. ಅವಳ ಪಾಸು ಹಿಡಿದವರಿಗೆ ಎಕ್ಸ್‌ರೇ ಕೋಣೆಯ ಮುಂದೆ ಸಾಲಿರಲಿಲ್ಲ, ಲಿಫ್ಟಿನವನು ಎದ್ದು ನಿಂತು ನಮಸ್ಕಾರ ಹೊಡೆಯುತ್ತಿದ್ದ.