ಯಾರೋ ಇಳಿಸಿಟ್ಟ ಸೀಟು

ನನ್ನ ಸೈಕಲ್ಲಿನ ಸೀಟನ್ನು ಯಾರೋ ಇಳಿಸುತ್ತಿದ್ದರು. ನಾನು ಎತ್ತರದ ಹೆಂಗಸು, ಸೀಟು ಮೇಲಿರಬೇಕು. ಕಮಲಾಪುರದ ತೋಟದಿಂದ ಟೆಂಪೊ ಹತ್ತಿ ಕಲಬುರಗಿಗೆ ಬಾಳೆಹಣ್ಣು ಮಾರಲು ಹೋದ ದಿನ, ಸಂಜೆ ಬಂದು ನೋಡಿದರೆ ಸೀಟು ಕೆಳಗೆ. ಮೊದಲ ಸಲ ನಾನೇ ಮರೆತೆನೇನೋ ಅಂದುಕೊಂಡೆ. ಎರಡನೆಯ ಸಲ ಹಾಗೆ ಅಂದುಕೊಳ್ಳಲಿಲ್ಲ.

ಅನುಮಾನಕ್ಕೆ ಕಾರಣವಿತ್ತು. ಬೇಸಿಗೆ ಶುರುವಿನಲ್ಲಿ ತೋಟದ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದಿದ್ದೆ. ಮೊಣಕೈ ತರಚಿತು, ಅಷ್ಟೇ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿರುವ ಮಗನ ಕಿವಿಗೆ ಅದನ್ನು ಯಾರು ಹಾಕಿದರೋ, ಮರುದಿನವೇ ಬಂದ.

"ಯವ್ವಾ, ಸಾಕು ಮಾಡು. ಈ ಸೈಕಲ್ ಮಾರಿಬಿಡ್ತೀನಿ."

"ಮಾರು. ಹಣ್ಣು ನಿನ್ನ ತಲೀ ಮ್ಯಾಲ ಹೊತ್ಕೊಂಡು ರೋಡಿಗಿ ಒಯ್ತೀಯೇನು?"

"ಹಣ್ಣು ಮಾರೂದೇ ಬ್ಯಾಡ ಅಂತೀನಿ. ಕುಂದ್ರು ಮನ್ಯಾಗ."

ಮನೆಯಲ್ಲಿ ಕೂತು ಏನು ಮಾಡಲಿ? ತೋಟದಿಂದ ಡಾಂಬರು ರಸ್ತೆಯವರೆಗೆ ಬರೀ ಕಲ್ಲು, ಏರು, ಇಳಿತ. ಅಲ್ಲಿ ಆಟೋ ಬರುವುದಿಲ್ಲ. ಟೆಂಪೊ ವಾರಕ್ಕೆ ಎರಡು ದಿನ ಬರುತ್ತದೆ. ಉಳಿದ ದಿನ ಕೆಂಪು ಬಾಳೆಯ ಚಿಪ್ಪುಗಳನ್ನು ರಸ್ತೆಗೆ ಮುಟ್ಟಿಸುವುದು ಸೈಕಲ್. ಅದು ಹೋದರೆ ನನ್ನ ವ್ಯಾಪಾರ ಹೋಯಿತು. ವ್ಯಾಪಾರ ಹೋದರೆ ಮಗನ ಮನೆಯ ಸೋಫಾದ ಮೇಲೆ ಕೂತು ಟಿವಿ ನೋಡಬೇಕು. ಅದು ನನ್ನಿಂದ ಆಗುವ ಕೆಲಸವಲ್ಲ.

ಅದಕ್ಕೇ, ನಾನಿಲ್ಲದ ದಿನ ಮಗ ಯಾರನ್ನೋ ಕರೆತಂದು ಗಾಡಿ ಓಡಿಸಿ ತೋರಿಸುತ್ತಿದ್ದಾನೆ, ಕೊಳ್ಳುವವನು ಗಿಡ್ಡ ಇದ್ದಾನೆ ಎಂದು ಲೆಕ್ಕ ಹಾಕಿದೆ.

ಮುಂದೆ ಕುಸಿದೇಳುವ ಸ್ಪ್ರಿಂಗಿನ ಶಾಕಪ್, ಹಿಂದೆ ಬರೀ ಕಬ್ಬಿಣ, ಅದೇ ನನಗೆ ಸೈಕಲ್. ಇಂಥವು ಮೂರು ನನ್ನ ಕೈಯಲ್ಲಿ ದುಡಿದಿವೆ. ಮೊದಲನೆಯದು ನೀಲಿ. ಮಗ ಕಾಲೇಜಿಗೆ ಹೋಗುವಾಗ ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಅಂಗಡಿಯೊಂದರಲ್ಲಿ ತೆಗೆದುಕೊಂಡ ಹಳೆಯ ಗಾಡಿ. ಅವನು ಮೋಟರ್‌ಸೈಕಲ್ ಹತ್ತಿದ ಮೇಲೆ ಗೋಡೆಗೆ ಒರಗಿ ತುಕ್ಕು ತಿನ್ನುತ್ತಿತ್ತು. ನಾನು ಸೈಕಲ್ ಕಲಿತದ್ದು ಗಂಡನ ಕರಿ ಗಾಡಿಯ ಮೇಲೆ. ಅದರ ನಡುವಿನ ಪೈಪು ಎತ್ತರ, ಕಚ್ಚೆ ಹಾಕಿದರೂ ಕಾಲು ದಾಟುತ್ತಿರಲಿಲ್ಲ. ನೀಲಿಯದರ ಪೈಪು ಹಿಂದಕ್ಕೆ ಇಳಿಜಾರಾಗಿತ್ತು. ಕಾಲು ದಾಟಿತು. ನನ್ನದಾಯಿತು.

ಆದರೆ ಅದರ ಮುಂದಿನ ಶಾಕಪ್ ಕಾಲುಗಳನ್ನು ನಾನು ನಂಬಲಿಲ್ಲ. ಹ್ಯಾಂಡಲ್ಲಿಗೆ ಗೊನೆ ತೂಗುಹಾಕಿದರೆ ಕುಸಿಯುತ್ತಿತ್ತು. ಮುರಿಯುತ್ತಿದೆ ಅಂದುಕೊಂಡೆ. ಗೊನೆ ಭಾರಕ್ಕೆ ಬಾಗುವ ಬಾಳೆಗಿಡಕ್ಕೆ ನಾವು ಕೋಲು ಊರಿ ಕಟ್ಟುತ್ತೇವೆ. ಇದಕ್ಕೂ ಎರಡು ಕಡೆ ಬಿದಿರಿನ ಸೀಳು ಇಟ್ಟು ಬಾಳೆನಾರಿನಿಂದ ಬಿಗಿದೆ. ಕಲ್ಲಿನ ದಾರಿಯಲ್ಲಿ ಹಲ್ಲು ಕಟಕಟ ಅನ್ನುತ್ತಿದ್ದವು. ಆದರೂ ಗಟ್ಟಿ ಇದೆಯಲ್ಲ ಎಂದು ಸಮಾಧಾನ. ಕಮಲಾಪುರದಲ್ಲಿ ಪಂಕ್ಚರ್ ಹಾಕಿಸಲು ಹೋದಾಗ ಸೈಕಲ್ ಅಂಗಡಿಯವನು ನೋಡಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟ.

"ಅಮ್ಮಾ, ಕಾಲ್ ಮುರದದಂತ ಪಟ್ಟಿ ಕಟ್ಟೀರೇನ್ರಿ? ಇದು ಕುಂದ್ರಬೇಕು, ಏಳಬೇಕು. ಇದ್ರ ಕೆಲ್ಸನೇ ಅದು."

"ಕುಂತು ಏಳಾಕ ಇದೇನು ಸಾಲಿಗಿ ಹೊಂಟದೇನು?"

ಅವನು ಕತ್ತರಿಯಿಂದ ನಾರು ಕೊಯ್ದ. ಆವತ್ತು ಮನೆಗೆ ಹೋಗುವಾಗ ಹಲ್ಲು ಸುಮ್ಮನಿದ್ದವು. ಆದರೂ ಬಹಳ ದಿನ ಆ ಸ್ಪ್ರಿಂಗಿನ ಮೇಲೆ ಒಂದು ಕಣ್ಣಿಟ್ಟಿದ್ದೆ.

ಎರಡನೆಯದು ಕೆಂಪು, ಗೇರಿನದು. ನಾರು ಕೊಯ್ದವನ ಅಂಗಡಿಯದೇ. ಅವನು ಮೊದಲು ತೋರಿಸಿದ್ದು ಹಿಂದೆಯೂ ಶಾಕಪ್ ಇದ್ದ ಗಾಡಿ. ಸೀಟನ್ನು ಅಂಗೈಯಿಂದ ಒತ್ತಿದೆ. ಕುಸಿಯಿತು.

"ಬ್ಯಾಡ. ನನ್ನ ಹಣ್ಣು ಹಿಂದೇ ಕುಂದ್ರತಾವ. ಇದು ಜೋಕಾಲಿ ಆಡಿಸಿದ್ರ ಎಲ್ಲಾ ನುಜ್ಜುಗುಜ್ಜು."

"ಹಂಗಾರ ನಿಮಗ ಹಾರ್ಡ್‌ಟೇಲೇ ಬೇಕ್ರಿ, ಅಮ್ಮಾ. ಹಿಂದ ಶಾಕಪ್ ಇರಂಗಿಲ್ಲ, ಬಿಲ್ಕುಲ್ ಗಟ್ಟಿ."

"ಹೆಸರು ಏನರ ಇರಲಿ. ಹಿಂದ ಅಲುಗಾಡಬಾರದು."

ಮೂರರಲ್ಲಿ ನಾನು ಹೆಚ್ಚು ನಂಬಿದ್ದು ಆ ಕೆಂಪು ಗಾಡಿಯನ್ನು. ಚಿಕ್ಕ ಗೇರಿಗೆ ಹಾಕಿದರೆ ಹೊರೆ ಸಮೇತ ಏರು ಹತ್ತುತ್ತಿತ್ತು. ಹಿಂದಿನ ಪೆಟ್ಟೆಲ್ಲ ತಾನೇ ತಿಂದು, ಉಳಿದದ್ದನ್ನು ನನ್ನ ಟೊಂಕಕ್ಕೆ ಕೊಡುತ್ತಿತ್ತು. ಕೊನೆಗೆ ಸೀಟಿನ ಕೆಳಗೆ ಬಿರುಕು ಬಿಟ್ಟಿತು. ಬೆಸುಗೆ ಹಾಕಿಸಿದೆ. ಮತ್ತೆ ಬಿಟ್ಟಿತು. ಅದರ ಚಕ್ರ ಈಗ ಕೋಳಿಗೂಡಿನ ಬಾಗಿಲಾಗಿದೆ.

ಮೂರನೆಯದು ಈಗಿನ ಬೂದಿ ಬಣ್ಣದ್ದು. ಮಗ ತಂದುಕೊಟ್ಟದ್ದು. ಹಗುರ, ಬ್ರೇಕು ಚುರುಕು. ಆದರೆ ಸೀಟಿಗೆ ನಟ್ಟಿಲ್ಲ, ಒಂದು ಹಿಡಿಕೆ. ಬೆರಳಿನಿಂದ ತೆಗೆದರೆ ಸಡಿಲ, ಒತ್ತಿದರೆ ಬಿಗಿ. "ಇದು ಚಲೋ ಅಲ್ಲ, ಯಾರು ಬೇಕಾದೋರು ಕೈ ಹಾಕ್ತಾರ" ಎಂದು ತಂದ ದಿನವೇ ಹೇಳಿದ್ದೆ. ಮಗ ನಕ್ಕಿದ್ದ.

ಚಕ್ರದ ಬೀಗದ ಒಂದು ಕೀಲಿಕೈ ನನ್ನ ಎಲೆ ಸಂಚಿಯಲ್ಲಿ ಇರುತ್ತದೆ. ಇನ್ನೊಂದನ್ನು ಜೋಳದ ಡಬ್ಬಿಯೊಳಗೆ ಹೂತಿದ್ದೆ. ಕೈ ಹಾಕಿ ನೋಡಿದೆ, ಇತ್ತು. ಹಾಗಾದರೆ ಮಗ ಮೂರನೆಯ ಕೀಲಿಕೈ ಮಾಡಿಸಿದ್ದಾನೆ!

ಹಿಡಿಯಲು ಒಂದು ಉಪಾಯ ಹೂಡಿದೆ. ಬಾಳೆಯ ಸೊನೆ ಬಟ್ಟೆಗೆ ಹತ್ತುವಾಗ ನೀರಿನ ಹಾಗೆ ಇರುತ್ತದೆ. ಒಣಗಿದ ಮೇಲೆ ಕಂದು ಕಲೆ, ಯಾವ ಸೋಪಿಗೂ ಹೋಗುವುದಿಲ್ಲ. ಪೇಟೆಗೆ ಹೊರಡುವ ಮುಂಚೆ ಹಸಿ ದಿಂಡು ಕೊಯ್ದು ಕರಿ ಸೀಟಿನ ಮೇಲೆ ಚೆನ್ನಾಗಿ ತಿಕ್ಕಿದೆ.

ಸಂಜೆ ಬಂದಾಗ ಮಗ ಅಂಗಳದಲ್ಲೇ ಇದ್ದ. ತಿರುಗಿ ನಿಂತ. ತಿಳಿ ಬಣ್ಣದ ಪ್ಯಾಂಟಿನ ಹಿಂಭಾಗದಲ್ಲಿ ಅಂಗೈ ಅಗಲದ ಕಲೆ.

"ಸಿಕ್ಕಿ ಮಗನ! ಯಾರಿಗಿ ತೋರಿಸಾಕ ಹತ್ತಿದಿ?"

ಅವನು ಹಿಂದೆ ಮುಟ್ಟಿ ನೋಡಿಕೊಂಡ. ಮುಖ ಕಪ್ಪಿಟ್ಟಿತು. "ಯವ್ವಾ, ಹೊಸಾ ಪ್ಯಾಂಟು! ಇವತ್ತೇ ಬಂದೀನಿ ನಾ. ಗಾಡಿದು ಫೋಟೋ ತಗೊಂಡೆ, ಬ್ರೇಕ್ ನೋಡಾಕ ಒಮ್ಮಿ ಕುಂತೆ. ಖರೇ ಹೇಳ್ತೀನಿ, ಮಾರಾಕ ಮೊಬೈಲ್‌ನ್ಯಾಗ ಹಾಕೀನಿ. ಐತವಾರ ಒಬ್ಬಾಂವ ನೋಡಾಕ ಬರ್ತಾನ."

ಅಂತೂ ನನ್ನ ಅನುಮಾನ ನಿಜವಾಯಿತು. ಆದರೆ ಅರ್ಧ. ಸೀಟು ಆವತ್ತೂ ಕೆಳಗಿತ್ತು, ಮಗ ನನಗಿಂತ ಒಂದು ಗೇಣು ಎತ್ತರ. ಅವನು ಕೂತರೆ ಮೊಣಕಾಲು ಗದ್ದಕ್ಕೆ ಬಡಿಯಬೇಕು. ಅಂದರೆ ಇಳಿಸಿದವರು ಬೇರೆ.

ಪಕ್ಕದ ಮನೆಯಲ್ಲಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ನನಗಿಂತ ಸ್ವಲ್ಪ ಚಿಕ್ಕವಳು, ಬಹಳ ಗಿಡ್ಡ. ನಾನು ಸೈಕಲ್ ಹತ್ತಿದ ದಿನದಿಂದ "ಅಕ್ಕ ಗಂಡಸಾಗ್ಯಾಳ ನೋಡ್ರಿ" ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡವಳು. ಅವಳ ಸೀರೆಯ ಹಿಂದೆಯೂ ಕಲೆ ಇತ್ತು. ಆದರೆ ನಾವು ಕೂರುವುದೇ ಕಡಿದ ದಿಂಡಿನ ಮೇಲೆ. ನನ್ನ ಸೀರೆಯ ಹಿಂದೆಯೂ ಅಂಥದೇ ಕಲೆ. ಬಾಳೆತೋಟದಲ್ಲಿ ಸೊನೆ ತಿಕ್ಕಿ ಕಳ್ಳರನ್ನು ಹಿಡಿಯಹೊರಟ ನನ್ನ ಬುದ್ಧಿಗೆ ಏನೆನ್ನಬೇಕು!

ಮುಂದಿನ ಸಲ ಟೆಂಪೊ ಹತ್ತಿದೆ, ಡಾಂಬರು ರಸ್ತೆಯಲ್ಲಿ ಇಳಿದೆ. ಹಣ್ಣು ಮುಂದೆ ಹೋಗಲಿ ಎಂದು ಡ್ರೈವರನಿಗೆ ಹೇಳಿ, ನಡೆದು ವಾಪಸು ಬಂದೆ.

ತೋಟದ ನಡುವಿನ ದಾರಿಯಲ್ಲಿ ನೆಗೆಣ್ಣಿ ಬರುತ್ತಿದ್ದಳು. ಸೀರೆ ಮೊಣಕಾಲಿಗೆ, ಸೆರಗು ಸೊಂಟಕ್ಕೆ, ಬಾಯಿ ತೆರೆದುಕೊಂಡು, ನನ್ನ ಬೂದಿ ಗಾಡಿಯ ಮೇಲೆ. ನನ್ನನ್ನು ನೋಡಿದವಳೇ ಎರಡೂ ಬ್ರೇಕು ಹಿಡಿದಳು. ಮುಂದಿನ ಶಾಕಪ್ ಕೂತಿತು, ಅವಳು ಬದುವಿನ ಮೇಲೆ ಕೂತಳು.

"ಕೀಲಿಕೈ ಎಲ್ಲಿತ್ತು?" ನಾನು ಕೇಳಿದ್ದು ಅದೊಂದೇ.

"ಜೋಳದ ಡಬ್ಬಿದಾಗ. ಜೋಳ ಕಡ ಒಯ್ಯಾಕ ಬಂದಾಗ ಕೈಗಿ ಹತ್ತಿತು. ಪ್ರತಿ ಸಲ ವಾಪಸ್ ಇಟ್ಟೀನಕ್ಕ."

"ಮತ್ತ ಜೋಳ?"

"ಅದು ಇಟ್ಟಿಲ್ಲ."

"ನನ್ನ ಕೇಳಾಕ ಏನಾಗಿತ್ತು?"

"ಕೇಳಿದ್ರ ಊರ ತುಂಬ ಹೇಳಿ ನಗ್ತಿದ್ದಿ."

ನಗುತ್ತಿದ್ದೆ, ಸುಳ್ಳಲ್ಲ. ಆವತ್ತು ಮಾತ್ರ ಅವಳ ಮಂಡಿಗೆ ಮಣ್ಣು ಮೆತ್ತಿದ್ದನ್ನು ನೋಡಿ ನಗು ಬರಲಿಲ್ಲ. ಮೊದಲು ಗಾಡಿ ಎತ್ತಿ ನೋಡಿದೆ. ಸರಿಯಾಗಿತ್ತು. ಆಮೇಲೆ ಅವಳನ್ನು ಎತ್ತಿದೆ. ಐತವಾರ ಗಾಡಿ ನೋಡಲು ಜನ ಬರುವ ಸುದ್ದಿ ಹೇಳಿದೆ. ಅವಳು ಮಂಡಿ ಒರೆಸಿಕೊಂಡಳು.

ಐತವಾರ ಮಗ ಒಬ್ಬನನ್ನು ಕರೆತಂದ. ಬಂದವನು ಗಾಡಿಯ ಶಾಕಪ್ ಒತ್ತಿ ನೋಡಿದ, ಗೇರು ತಿರುವಿದ, ತಲೆ ಆಡಿಸಿದ. ನಾನು ಹೊಸ್ತಿಲಲ್ಲಿ ನಿಂತು ಯಾವ ಮಾತಿನಿಂದ ಶುರು ಮಾಡಲಿ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ನೆಗೆಣ್ಣಿ ಬಂದು ಹ್ಯಾಂಡಲ್ ಹಿಡಿದಳು.

"ಇದ್ರಾಗ ಅರ್ಧ ನಂದದ. ನಾ ಮಾರಂಗಿಲ್ಲ."

"ಚಿಗವ್ವಾ, ನಿನಗ ಸೈಕಲ್ ಎಲ್ಲಿ ಬರ್ತದ?" ಎಂದ ಮಗ.

ಅವಳು ಹಿಡಿಕೆ ಎತ್ತಿ ಸೀಟು ಇಳಿಸಿದಳು. ಹತ್ತಿದಳು. ಅಂಗಳದಲ್ಲಿ ಒಂದು ಸುತ್ತು ಹೊಡೆದು, ಕೊಳ್ಳಲು ಬಂದವನ ಕಾಲಿನ ಪಕ್ಕಕ್ಕೇ ತಂದು ನಿಲ್ಲಿಸಿದಳು. ಅವನು ಹಿಂದಕ್ಕೆ ಜಿಗಿದ.

"ನಿಮ್ಮ ಮನೀ ಮಾತು ಮೊದಲು ಮುಗಿಸ್ಕೋರಿ" ಎಂದು ಹೊರಟುಹೋದ. ಮಗ ನನ್ನನ್ನು ನೋಡಿದ, ಅವಳನ್ನು ನೋಡಿದ. "ಒಬ್ಬಾಕಿ ಬೀಳತಿದ್ದಿ, ಈಗ ಇಬ್ರೂ ಬೀಳ್ರಿ" ಎಂದು ಮೋಟರ್‌ಸೈಕಲ್ ಹತ್ತಿದ. ಮೊಬೈಲಿನಿಂದ ಗಾಡಿಯ ಫೋಟೋ ಅಳಿಸಿದನಂತೆ. ಅದನ್ನೂ ನಾನು ಪೂರ್ತಿ ನಂಬಿಲ್ಲ.

ಈಗ ಸೀಟಿನ ಕೊಳವೆಯ ಮೇಲೆ ಮೊಳೆಯಿಂದ ಗೀಚಿದ ಎರಡು ಗೆರೆಗಳಿವೆ. ಮೇಲಿನದು ನನ್ನದು, ಕೆಳಗಿನದು ಅವಳದು. ನಾನು ಪೇಟೆಗೆ ಹೋದ ದಿನ ರಸ್ತೆಗೆ ಹಣ್ಣು ಒಯ್ಯುವವಳು ಅವಳು. ಕೀಲಿಕೈಯನ್ನು ಜೋಳದ ಡಬ್ಬಿಯಿಂದ ತೆಗೆದಿದ್ದೇನೆ. ಜೋಳವಾದರೂ ಉಳಿಯಲಿ.

ಅವಳಿಗೆ ಅರ್ಧ ಯಾವಾಗ ಆಯಿತು, ಯಾರು ಕೊಟ್ಟರು ಎಂದು ನಾನು ಕೇಳಿಲ್ಲ. ಕೇಳಿದರೆ ಅದು ಸುಳ್ಳೆಂದು ಮಗನಿಗೆ ಗೊತ್ತಾಗುತ್ತದೆ. ಆದರೆ ಯಾವ ಅರ್ಧ ಎಂದು ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೋ ಅದರ ಮೇಲೆ ನನಗೆ ಅನುಮಾನವಿದೆ. ಇಲ್ಲೇ ಹೇಳಿಬಿಡುತ್ತೇನೆ. ಶಾಕಪ್ ಇರುವ ಮುಂದಿನ ಅರ್ಧ ನನ್ನದು.