ಭಾವನ ಮೇಜಿನ ಮೇಲೆ ಹರಡಿದ ವಾಕ್ಯಗಳು

ನನ್ನ ದೊಡ್ಡಕ್ಕನ ಗಂಡ, ನಮ್ಮ ಭಾವ, ಗಡಿಯಾರ ರಿಪೇರಿ ಮಾಡುವವರು. ಪ್ರಾರ್ಥನಾಲಯದಲ್ಲಿ ಸತ್ಯವೇದ, ಅಂದರೆ ಬೈಬಲ್, ಓದುವ ಕೆಲಸವೂ ಅವರದೇ. ಸಾವಾದ ಮನೆಯಲ್ಲಿ ಯಾವ ಭಾಗ ಓದಬೇಕೆಂದು ಆರಿಸುವುದು ಓದುವವರಿಗೆ ಬಿಟ್ಟದ್ದು. ಭಾವ ಆರಿಸಿದ್ದನ್ನು ಕೇಳಿ ಅಳು ನಿಲ್ಲಿಸಿದವರನ್ನು ನಾನೇ ಕಂಡಿದ್ದೇನೆ.

ಒಬ್ಬಳೇ ಮಗಳು ತೀರಿಕೊಂಡ ಮರುವರ್ಷ ಅಕ್ಕ ಹಾಸಿಗೆ ಹಿಡಿದಳು. ಮತ್ತೆ ಏಳುವುದಿಲ್ಲವೆಂಬುದು ಅವಳಿಗೂ ಗೊತ್ತಿತ್ತು. ಒಂದು ಸಂಜೆ ಮಾತ್ರೆ ನುಂಗಿ, ಲೋಟ ಹಿಂದಿರುಗಿಸುತ್ತ ಭಾವನನ್ನು ಕೇಳಿದಳು:

"ರೀ, ಕಣ್ಣು ಮುಚ್ಚಿದ ಕೂಡ್ಲೇ ಮಗು ಸಿಗ್ತಾಳಾ, ಇಲ್ಲ ಸತ್ತೋರೆಲ್ಲ ಏಳೋ ಕಡೇ ದಿನದ ತನಕ ಇಬ್ರೂ ಮಲಗೇ ಇರ್ತೀವಾ?"

ನೋಡಿ ಹೇಳುತ್ತೇನೆ ಎಂದರು ಭಾವ. ಬೇರೆ ಮನೆಯಾಗಿದ್ದರೆ ಯಾವುದೋ ಒಂದನ್ನು ಆರಿಸಿ ಓದಿಬಿಡುತ್ತಿದ್ದರು. ಅಕ್ಕ ಆ ಕೈಚಳಕವನ್ನು ಪಕ್ಕದಲ್ಲೇ ಕೂತು ಕಂಡವಳು.

ಗಡಿಯಾರ ಬಿಚ್ಚಿದರೆ ಭಾಗಗಳನ್ನು ತೆಗೆದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಇಡುವುದು ಅವರ ರೂಢಿ. ಹಾಗೆಯೇ ಸತ್ಯವೇದದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಅಂಗಡಿಯ ಮೇಜಿನ ಮೇಲೆ ಹರಡಿದರು. ಸತ್ತವರಿಗೆ ಏನೂ ತಿಳಿಯದು ಎನ್ನುವವು ಎಡಕ್ಕೆ, ಸತ್ತ ದಿನವೇ ಪರದೈಸು, ಅಂದರೆ ಸ್ವರ್ಗ, ಎನ್ನುವವು ಬಲಕ್ಕೆ. ಸತ್ಯವೇದದ ಮೊದಲ ಭಾಗವಾದ ಯೆಹೂದ್ಯರ ಹಳೆಯ ಬರಹಗಳಲ್ಲಿ ಒಳ್ಳೆಯವರೂ ಕೆಟ್ಟವರೂ ಇಳಿಯುವುದು ನೆಲದಡಿಯ ಒಂದೇ ಕತ್ತಲೆಗೆ. ಸತ್ತವರು ಎದ್ದು ಬರುವ ಮಾತು ಸ್ಪಷ್ಟವಾಗಿ ಕೇಳಿಸುವುದು ಬಹಳ ತಡವಾಗಿ. ಎರವಲು ತಂದ ವ್ಯಾಖ್ಯಾನಗಳು, ಇವು ಬೇರೆ ಬೇರೆ ಶತಮಾನಗಳಲ್ಲಿ ಬೇರೆ ಬೇರೆ ಕೈಗಳು ಬರೆದವು ಎಂದವು. ಭಾವ ಊಟ ಬಿಟ್ಟು ಚೀಟಿಗಳನ್ನು ಅತ್ತಿಂದಿತ್ತ ಸರಿಸಿದರು. ಗಿರಾಕಿಗಳ ಗಡಿಯಾರಗಳು ನಿಂತೇ ಇದ್ದವು.

ಪಾದ್ರಿಯವರು ಅಂಗಡಿಗೇ ಬಂದು, ಎರಡನ್ನೂ ನಂಬಿದರಾಯಿತು ಎಂದು ಸಮಾಧಾನ ಹೇಳಿದರು.

"ಮಗಳು ಎರಡು ಕಡೆ ಇರೋಕಾಗಲ್ವಲ್ಲ, ಅಯ್ಯನವರೇ," ಎಂದರು ಭಾವ. "ಸತ್ಯವೇದ ಒಂದೇ ಗಡಿಯಾರ ಅಂದ್ಕೊಂಡು ಬಿಚ್ಚಿದೆ. ಈ ಪೆಟ್ಟಿಗೇಲಿ ಎಷ್ಟೋ ಗಡಿಯಾರ ಇವೆ."

ಅಂದು ಮನೆಗೆ ಬಂದು ಅಕ್ಕನ ಕಾಲ ಬಳಿ ಕೂತರು. ನಾನೂ ಅಲ್ಲಿದ್ದೆ.

"ಗೊತ್ತಿಲ್ಲ ಕಣೇ. ಹೊಂದಿಸೋಕಾಗ್ಲಿಲ್ಲ."

ಅಕ್ಕ ನಕ್ಕಳು. "ಗಿರಾಕಿಗಳಿಗೆ ಹೇಳೋ ಹಾಗೆ, ನಾಳೆ ಬಾ ಅನ್ಬಾರದಿತ್ತಾ?"

ಆಮೇಲೆ ಗೋಡೆಯ ಕಡೆಗೆ ಹೊರಳಿದಳು. ಮತ್ತೆ ಆ ವಿಷಯ ಎತ್ತಲಿಲ್ಲ.

ಅವಳು ಹೋದ ದಿನ ಓದುವ ಸರದಿ ಭಾವನದೇ ಆಯಿತು. ಬಹಳ ಹೊತ್ತು ಹಾಳೆ ಮಗುಚಿ, ಕೊನೆಗೆ ಸತ್ತವರ ಗತಿಯ ಮಾತೇ ಇಲ್ಲದ ಒಂದು ವಂಶಾವಳಿ ತೆಗೆದರು: ಇಂಥವನ ಮಗ ಇಂಥವನು, ಅವನ ಮಗ ಇಂಥವನು. ಅದೂ ಸತ್ಯವೇದದಲ್ಲೇ ಇನ್ನೊಂದು ಕಡೆ ಇರುವ ವಂಶಾವಳಿಗೆ ಹೊಂದುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಒಂದು ಹೆಸರನ್ನೂ ಬಿಡದೆ ಓದಿದರು. ಅಳುತ್ತಿದ್ದವರು ಅಳುತ್ತಲೇ ಇದ್ದರು.