ಕೆಂಪು ತೊಟ್ಟಿಲು

ಪಾವಗಡದಲ್ಲಿ ನನ್ನ ಆಫೀಸಿನ ಹಿಂದುಗಡೆ ಒಂದು ಅಂಗನವಾಡಿ ಇದೆ. ಹೋದ ತಿಂಗಳು ಒಂದು ಬೆಳಿಗ್ಗೆ ಅಲ್ಲಿಂದ ಪುಷ್ಟಿ ಹಿಟ್ಟು ಸೀದ ವಾಸನೆ ಬಂತು. ಮಕ್ಕಳಿಗೆ ಬೆಲ್ಲ ಹಾಕಿ ಕಲಸಿ ಕೊಡುವ ಆ ಹಿಟ್ಟು ತಳ ಹಿಡಿದರೆ ಇಡೀ ಬೀದಿಗೇ ಗೊತ್ತಾಗುತ್ತದೆ. ನನಗಂತೂ ಕೈಲಿದ್ದ ಪೆನ್ನು ಅಲ್ಲೇ ನಿಂತಿತು. ನಾನು ಓದುವಾಗ ಕೆಲಸ ಕಲಿತ ಅಂಗನವಾಡಿಯ ಟೀಚರಮ್ಮನೂ ಹೀಗೇ ಸೀಯಿಸುತ್ತಿದ್ದರು. ಆಯಾ ಬರದ ದಿನ ತಾವೇ ಒಲೆ ಹಚ್ಚುತ್ತಿದ್ದರು, ಯಾರಾದರೂ ಬಾಗಿಲಿಗೆ ಬಂದರೆ ಮಾತಿಗೆ ನಿಂತು ಒಲೆಯನ್ನೇ ಮರೆಯುತ್ತಿದ್ದರು...

ಅವತ್ತು ಸಂಜೆ ಮನೆಗೆ ಹೋದವಳೇ ಟ್ರಂಕಿನ ತಳದಿಂದ ಕಾಲೇಜು ದಿನಗಳ ನನ್ನ ಹಳೆಯ ಫೀಲ್ಡ್ ಡೈರಿ ತೆಗೆದೆ. ಪ್ರತಿ ಪುಟದ ಕೆಳಗೂ ಚೌಕಾಕಾರದ ಒಂದು ಜಾಗ, ಅದರಲ್ಲಿ ಟೀಚರಮ್ಮನ ದುಂಡಗಿನ ಸಹಿ. ಒಂದೇ ಒಂದು ಪುಟದಲ್ಲಿ ಮಾತ್ರ ಆ ಚೌಕ ಖಾಲಿ. ಆ ಪುಟದ ಮೂಲೆಯಲ್ಲಿ ಎಣ್ಣೆಯ ಕಲೆ ಇದೆ. ಆ ಕಲೆಯ ಕಥೆ ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ನಾನು ಓದಿದ್ದು ಬಿಎಸ್‌ಡಬ್ಲ್ಯೂ, ಮಧುಗಿರಿಯಲ್ಲಿ. ಊರು ಮದಲೂರಿನ ಹತ್ತಿರ. ಸಮಾಜಕಾರ್ಯ ಓದುತ್ತೇನೆ ಅಂದಾಗ ನಮ್ಮ ಸೋದರಮಾವ ಹೇಳಿದ ಮಾತು ಇವತ್ತಿಗೂ ಮನೆಯಲ್ಲಿ ಓಡುತ್ತದೆ. "ಊರ್ನೋರ್ ಮನೆ ವಿಷ್ಯಕ್ಕೆ ಬಾಯಾಕಕ್ಕೆ ಡಿಗ್ರಿ ಬೇರೆ ಬೇಕೇನಮ್ಮ? ಅದು ನಿಂಗೆ ಹುಟ್ಟಿದಾಗ್ಲೇ ಬಂದೈತಲ್ಲ!" ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನನ್ನ ಬಾಯಿ ಆಗಲೂ ಜೋರು, ಈಗಲೂ ಜೋರು.

ಎರಡನೇ ವರ್ಷದಲ್ಲಿ ವಾರಕ್ಕೆ ಎರಡು ದಿನ ಫೀಲ್ಡ್ ವರ್ಕ್. ನನ್ನನ್ನು ಹಾಕಿದ್ದು ಹೊಳವನಹಳ್ಳಿಯಲ್ಲಿ ಬಸ್ಸಿಳಿದು ನಡೆದು ಹೋಗಬೇಕಾದ ಒಂದು ಊರಿನ ಅಂಗನವಾಡಿಗೆ. ಮನೆಮನೆಗೆ ಹೋಗಿ ತಾಯಿ ಮಕ್ಕಳನ್ನು ನೋಡಬೇಕು, ನೋಡಿದ್ದನ್ನು ಡೈರಿಯಲ್ಲಿ ಬರೆಯಬೇಕು, ಟೀಚರಮ್ಮ ಓದಿ ಸಹಿ ಹಾಕಬೇಕು. ಮೊದಲ ದಿನ ನಾನು ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡು, ಎದೆಗೆ ಫೈಲು ಅವಚಿಕೊಂಡು, ಕಲೆಕ್ಟರಮ್ಮನ ಹಾಗೆ ಒಳಗೆ ಹೋದೆ. ಟೀಚರಮ್ಮ ಅಡಿಯಿಂದ ಮುಡಿಯವರೆಗೆ ನೋಡಿದರು. ಐವತ್ತರ ಆಸುಪಾಸಿನ ಹೆಂಗಸು, ಕುಳ್ಳಗೆ, ಕೆನ್ನೆ ತುಂಬ ಅರಿಶಿನ. ಸಿಂಬಳ ಸುರಿಸುತ್ತಿದ್ದ ಒಂದು ಮಗುವನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ಮೊದ್ಲು ಇದ್ರ್ ಮೂಗು ಒರ್ಸು ಮಗಾ. ಆಮೇಲೆ ಸಮಾಜ ಸೇವೆ ಮಾಡೀವಂತೆ."

ನನಗೆ ಸಿಟ್ಟು ಬಂತು. ಮೂಗನ್ನೂ ಒರೆಸಿದೆ ಅನ್ನಿ. ಮಧ್ಯಾಹ್ನದ ಹೊತ್ತಿಗೆ ಸಿಟ್ಟು ಇಳಿದಿತ್ತು, ಏಕೆಂದರೆ ಅವರು ತಮ್ಮ ಡಬ್ಬಿಯ ಮುದ್ದೆಯನ್ನು ಮುರಿದು ದೊಡ್ಡ ಪಾಲನ್ನೇ ನನ್ನ ತಟ್ಟೆಗೆ ಹಾಕಿದ್ದರು.

ಈಗ ಆ ಎಣ್ಣೆಯ ಕಲೆಗೆ ಬರುತ್ತೇನೆ. ಊರಿನಾಚೆ, ಕೆರೆ ಏರಿ ದಾಟಿದ ಮೇಲೆ ಒಂಟಿ ಮನೆಯೊಂದಿತ್ತು. ಅಲ್ಲಿದ್ದ ಒಂದೂವರೆ ವರ್ಷದ ಹೆಣ್ಣುಮಗುವನ್ನು ತಾಯಿ ಎರಡು ತಿಂಗಳಿಂದ ಅಂಗನವಾಡಿಗೆ ಕರೆತಂದಿರಲಿಲ್ಲ. ಟೀಚರಮ್ಮ ಮಂಡಿನೋವಿನಿಂದ ಒದ್ದಾಡುತ್ತಿದ್ದರು. "ನೀನೊಂದು ಕಿತ ಹೋಗಿ ನೋಡ್ಕೊಂಡ್ ಬಾ ಮಗಾ" ಅಂದರು. ಹೂಂ ಅಂದೆ. ಆದರೆ ಅವತ್ತು ಹಾಸ್ಟೆಲ್ ಗೆಳತಿಯ ಹುಟ್ಟುಹಬ್ಬ. ಏರಿ ಹತ್ತಿ ಹೋದರೆ ಬಸ್ಸು ತಪ್ಪುತ್ತದೆ. ನಾನು ನೆಟ್ಟಗೆ ಬಸ್ಸು ಹತ್ತಿ ಮಧುಗಿರಿಗೆ ಬಂದುಬಿಟ್ಟೆ. ಬೇಕರಿಯಲ್ಲಿ ಎಗ್ ಪಫ್ ತಿನ್ನುತ್ತಾ ಅದೇ ಮೇಜಿನ ಮೇಲೆ, ಎಣ್ಣೆಗೈಯಲ್ಲೇ ಡೈರಿ ಬರೆದೆ. 'ತಾಯಿ ನನ್ನನ್ನು ನಗುಮೊಗದಿಂದ ಸ್ವಾಗತಿಸಿದರು. ಮಗು ತೊಟ್ಟಿಲಿನಲ್ಲಿ ಆರೋಗ್ಯವಾಗಿ ಮಲಗಿತ್ತು.' ಬರೆದು ಮುಗಿಸಿ ಗೆಳತಿಯರಿಗೆ ಓದಿಯೂ ಹೇಳಿದೆ, ಎಲ್ಲರೂ ನಕ್ಕರು.

ಮುಂದಿನ ಸಲ ಹೋದಾಗ ಟೀಚರಮ್ಮ ಆ ಪುಟವನ್ನು ಎರಡು ಸಲ ಓದಿದರು. ಪೆನ್ನು ಕೈಯಲ್ಲೇ ಇತ್ತು.

"ತೊಟ್ಲು ಯಾವ್ ಬಣ್ಣದ್ದು?"

ಇದೇನು ಪ್ರಶ್ನೆ ಅನ್ನಿಸಿತು. "ಕೆಂಪು ಟೀಚರ್" ಅಂದುಬಿಟ್ಟೆ.

ಅವರು ಪೆನ್ನಿಗೆ ಕ್ಯಾಪು ಹಾಕಿದರು. ಗೋಡೆಯ ಮೊಳೆಯಿಂದ ತೂಕದ ತಕ್ಕಡಿಯನ್ನು ಇಳಿಸಿ ನನ್ನ ಹೆಗಲಿಗೆ ಕೊಟ್ಟರು. "ನಡಿ. ಆ ಕೆಂಪು ತೊಟ್ಲು ನಾನೂ ನೋಡ್ಬೇಕು." ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಏರಿಯ ಮೇಲೆ ಮಂಡಿ ಹಿಡಿದುಕೊಂಡು, ನಿಂತು ನಿಂತು ನಡೆಯುತ್ತಿದ್ದ ಅವರ ಹಿಂದೆ ನಾನು ನೆಲ ನೋಡುತ್ತಾ ಹೋದೆ.

ತೊಟ್ಟಿಲು ಇರಲಿಲ್ಲ. ಹುಣಸೇಮರದ ಕೊಂಬೆಗೆ ಹಳೇ ಸೀರೆಯ ಜೋಲಿ ಕಟ್ಟಿತ್ತು. ಅದರೊಳಗೆ ಮಗು. ಕಣ್ಣು ಬಿಟ್ಟುಕೊಂಡಿತ್ತು, ಆದರೆ ನಮ್ಮ ಕಡೆ ತಿರುಗಲಿಲ್ಲ. ನೊಣ ಕೂತರೂ ಕೈ ಎತ್ತಲಿಲ್ಲ. ಕಾಲುಗಳು ನನ್ನ ಹೆಬ್ಬೆರಳಿನಷ್ಟೇ ದಪ್ಪವಿದ್ದವೇನೋ... ಟೀಚರಮ್ಮ ನನ್ನ ಬರಹ ನಂಬಿ ಸಹಿ ಹಾಕಿದ್ದರೆ ಇನ್ನು ಎಷ್ಟು ದಿನ ಯಾರೂ ಆ ಏರಿ ಹತ್ತುತ್ತಿರಲಿಲ್ಲ?

ಮಗುವಿನ ತಾಯಿ ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು. ನಗುಮೊಗವೂ ಇಲ್ಲ, ಸ್ವಾಗತವೂ ಇಲ್ಲ. ತಕ್ಕಡಿ ನೋಡಿದ್ದೇ ಜೋಲಿಗೆ ಅಡ್ಡ ನಿಂತಳು. "ತೂಕ ಹಾಕ್ಬ್ಯಾಡಿ ಟೀಚರಮ್ಮ. ಹಾಕ್ದಾಗೆಲ್ಲ ನಾಕ್ ಜನ ಕಣ್ಣಾಕ್ತಾರೆ. ಮೊದ್ಲೇ ಇಳ್ದೋಗೈತೆ."

ಟೀಚರಮ್ಮ ವಾದಕ್ಕೆ ಹೋಗಲಿಲ್ಲ. ತಕ್ಕಡಿಯನ್ನು ಕೊಂಬೆಗೆ ಸಿಕ್ಕಿಸಿ, ಜಗಲಿಯ ಮೇಲಿದ್ದ ಕುಂಬಳಕಾಯಿಯನ್ನು ತೂಗಿದರು. ಇಳಿಸಿದರು. ಮತ್ತೆ ತೂಗಿದರು. "ನೋಡು, ನಾನೂ ಈ ಕಾಲೇಜ್ ಹುಡ್ಗೀನೂ ಇಬ್ರೂ ಕಣ್ಣಾಕಿದ್ವಿ. ಕಾಯಿ ಇಳೀತೇನೆ?" ಆ ಹೆಂಗಸು ನಗಲಿಲ್ಲ, ಆದರೆ ಪಕ್ಕಕ್ಕೆ ಸರಿದಳು. ಮಗುವನ್ನು ತೂಗಿದೆವು. ಮುಳ್ಳು ನಿಂತ ಜಾಗ ನೋಡಿ, ಮಗುವಿನ ತೂಕ ಗುರುತಿಸುವ 'ತಾಯಿ ಕಾರ್ಡಿ'ನಲ್ಲಿ ಟೀಚರಮ್ಮ ಚುಕ್ಕೆ ಇಟ್ಟರೆ ಅದು ಕೆಂಪು ಪಟ್ಟಿಯಲ್ಲಿ, ಅಂದರೆ ತೀರಾ ಕಡಿಮೆ ತೂಕದ ಪಟ್ಟಿಯಲ್ಲಿ ಕೂತಿತು.

ಮಧುಗಿರಿಯ ಆಸ್ಪತ್ರೆಯಲ್ಲಿ ಹೀಗೆ ಸೊರಗಿದ ಮಕ್ಕಳನ್ನು ಎರಡು ವಾರ ತಾಯಿಯ ಜೊತೆ ಇಟ್ಟುಕೊಂಡು ಉಣಿಸಿ ನೋಡಿಕೊಳ್ಳುತ್ತಿದ್ದರು. ಅಲ್ಲಿಗೆ ಹೋಗು ಎಂದರೆ ಅವಳಿಗೆ ಅಳು ಬಂತು. ಗಂಡ ಬೋರ್‌ವೆಲ್ ಲಾರಿಯ ಜೊತೆ ಎಲ್ಲೋ ದೂರದ ಸೀಮೆಗೆ ಹೋಗಿದ್ದ. "ಹಸಾ ಯಾರ್ ಕರೀತಾರೆ? ಹುಲ್ಲಾಕೋರ್ ಯಾರು? ನಾನೆಂಗ್ ಬುಟ್ಟೋಗ್ಲಿ?"

"ನಾನ್ ಕರೀತೀನಿ ಬುಡು" ಅಂದರು ಟೀಚರಮ್ಮ. ಆಮೇಲೆ ನನ್ನ ಕಡೆ ತಿರುಗಿದರು. "ನಿನ್ ಹಾಸ್ಟೆಲ್ ಆಸ್ಪತ್ರೆ ತಾವ್ಲೇ ಅಲ್ವಾ? ದಿನಾ ಹೋಗ್ ನೋಡು. ನೋಡಿದ್ದು ಬರಿ. ನೋಡ್ದೆ ಇರಾದ್ ಬರೀಬ್ಯಾಡ." ಆ ಸುಳ್ಳಿನ ಬಗ್ಗೆ ಅವತ್ತು ಅವರು ಆಡಿದ್ದು ಅಷ್ಟೇ.

ದಿನಾ ಹೋದೆ. ಗಂಜಿ ಕುಡಿಸುವುದನ್ನು ನರ್ಸ್ ಹತ್ತಿರ ಕಲಿತೆ. ಮೊದಮೊದಲು ಮಗು ಎಲ್ಲ ಉಗಿಯುತ್ತಿತ್ತು, ನನ್ನ ಚೂಡಿದಾರವೆಲ್ಲ ಗಂಜಿ. ಒಂದು ಸಂಜೆ ನಾನು ಹೊರಡಲು ಎದ್ದರೆ ಅದು ನನ್ನ ಕಿರುಬೆರಳು ಹಿಡಿದುಕೊಂಡು ಬಿಡಲೇ ಇಲ್ಲ. ನಾನು ಅಲ್ಲೇ ಕೂತು ಅತ್ತೆ, ಯಾರು ನೋಡಿದರೂ ಪರವಾಗಿಲ್ಲ ಅಂತ ಅತ್ತೆ. ಅತ್ತ ಊರಿನಲ್ಲಿ ಟೀಚರಮ್ಮ ಬೆಳಿಗ್ಗೆ ಸಂಜೆ ಏರಿ ದಾಟಿ ಹೋಗಿ ಹಸು ಕರೆಯುತ್ತಿದ್ದರು. ಹಾಲು ಕರೆದು ಯಾವ ಕಾಲವಾಗಿತ್ತೋ, ಮೂರನೇ ದಿನವೇ ಒದೆಸಿಕೊಂಡರು. ಮುಂದಿನ ವಾರ ನಾನು ಹೋದಾಗ ಕುಂಟುತ್ತಿದ್ದರು. "ಅದ್ರ್ ಕಣ್ಣಿಗೆ ನಾನೇ ಇನ್‌ಸ್ಪೆಕ್ಷನ್‌ಗೆ ಬಂದಂಗ್ ಕಾಣ್ತೀನೇನೋ ಕಣಮ್ಮ" ಅಂತ ನಕ್ಕರು.

ಮಗು ಉಳಿಯಿತು. ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಬಂತು.

ವರ್ಷದ ಕೊನೆಗೆ ಡೈರಿ ತುಂಬಾ ಸಹಿ ಬಿತ್ತು, ಆ ಪುಟ ಬಿಟ್ಟು. ಮಾರ್ಕು ಹೋಗುತ್ತದೆ ಟೀಚರ್ ಅಂತ ಗೋಗರೆದೆ. "ಹೋಗ್ಲಿ ಬುಡು. ಆ ಕೂಸು ಸ್ಲೇಟ್ ಹಿಡ್ಕೊಂಡು ಅದೇ ನಡ್ಕೊಂಡು ನನ್ ಅಂಗನವಾಡಿಗೆ ಬರ್ತದಲ್ಲ, ಅವತ್ ನೀನೂ ಬಾ. ನೀನ್ ಬರ್ದಿರಾದು ಅಷ್ಟೊತ್ತಿಗೆ ನಿಜ ಆಗಿರ್ತದೆ. ಆಗ ಹಾಕ್ತೀನಿ."

ಅವರು ಮಾತು ಮರೆಯಲಿಲ್ಲ. ಒಂದೂವರೆ ವರ್ಷ ಕಳೆದ ಮೇಲೆ ಫೋನು ಮಾಡಿದರು. "ಕೂಸು ಬಂದೈತೆ ಕಣಮ್ಮ, ಸ್ಲೇಟ್ ತಿಂತಾ ಕುಂತೈತೆ. ಯಾವಾಗ್ ಬತ್ತೀಯಾ?" ಬರುವ ವಾರ ಅಂದೆ. ಆಮೇಲೆ ಕೆಲಸ, ಮದುವೆ, ಪಾವಗಡ, ನನ್ನದೇ ಮಗು... ಪ್ರತಿ ಸಲ ಅವರು ಕೇಳಿದಾಗಲೂ ಬರುವ ವಾರ ಅಂದೆ. ಕೊನೆಕೊನೆಗೆ ಅವರ ಫೋನು ಬರುವುದೂ ನಿಂತಿತು. ಯಾಕೆ ಅಂತ ನಾನು ವಿಚಾರಿಸಲಿಲ್ಲ. ಊರೂರ ಮನೆಯ ಸುಖದುಃಖ ವಿಚಾರಿಸುವುದೇ ನನ್ನ ಉದ್ಯೋಗ, ಅವರದನ್ನು ವಿಚಾರಿಸಲಿಲ್ಲ.

ಪುಷ್ಟಿ ಸೀದ ಆ ದಿನ ಡೈರಿಯನ್ನು ತೊಡೆಯ ಮೇಲಿಟ್ಟುಕೊಂಡೇ ಫೋನು ಮಾಡಿದೆ. ಎತ್ತಿದ್ದು ಅವರ ಮಗ. "ಅಮ್ಮ ಹೋಗಿ ಮೂರ್ ತಿಂಗ್ಳಾಯ್ತು ಅಕ್ಕ" ಅಂದ.

ಭಾನುವಾರ ಟೀಚರಮ್ಮನ ಊರಿಗೆ ಹೋದೆ. ಅಂಗನವಾಡಿಗೆ ಬೀಗ. ಕಾಲು ಅದರ ಪಾಡಿಗೆ ಏರಿಯ ಕಡೆ ನಡೆಯಿತು. ಆ ಮನೆಯ ಮುಂದೆ ಎರಡು ಜಡೆಯ ಒಬ್ಬ ಹುಡುಗಿ ಕುಂಟಾಬಿಲ್ಲೆ ಆಡುತ್ತಿದ್ದಳು. ಅಮ್ಮನನ್ನು ಕೂಗಿದಳು. ಹೊರಗೆ ಬಂದ ಅವಳಮ್ಮ ನನ್ನ ಗುರುತು ಹಿಡಿದು, ಮುಖ ತುಂಬ ನಕ್ಕಳು. "ಬಾ ಅಕ್ಕ, ಒಳಕ್ ಬಾ, ಬಿಸ್ಲಲ್ಲಿ ನಿಂತ್ಕಂಡಿದ್ದೀಯಲ್ಲ!"

ನಡುಮನೆಯಲ್ಲಿ ಅವಳ ಎರಡನೇ ಮಗು ಮಲಗಿತ್ತು, ಮರದ ತೊಟ್ಟಿಲಿನಲ್ಲಿ. ತೊಟ್ಟಿಲು ಕಡುಕೆಂಪು.

"ಟೀಚರಮ್ಮ ತಂದ್ಕೊಟ್ಟಿದ್ದು" ಅಂದಳು ಅವಳು. "ಅವ್ರ್ ಮನೇದು, ಹಳೇದು. ನಂಗೆ ದಿನ ತುಂಬಿದಾಗ ಬಣ್ಣ ಹೊಡ್ಸಿ ಕಳಿಸಿದ್ರು. ಹಸ್ರು ಹೊಡೀಲಾ ಅಂದ ಪೇಂಟ್ರು. ಬ್ಯಾಡ, ಕೆಂಪೇ ಆಗ್ಬೇಕು, ಒಬ್ಳು ನೋಡಕ್ ಬರ್ತಾಳೆ ಅಂದ್ರಂತೆ. ಯಾರು ಅಂತ ನಮ್ಗೂ ಹೇಳ್ಲಿಲ್ಲ. ನೀನೇನಾ ಅಕ್ಕ?"

ತೊಟ್ಟಿಲಿನ ಅಂಚು ಹಿಡಿದುಕೊಂಡು ಕೂತುಬಿಟ್ಟೆ. ಅವಳು ಕಾಫಿ ತಂದಿಟ್ಟಳು, ಅದೂ ಆರಿಹೋಯಿತು.

ಡೈರಿ ಈಗ ಟ್ರಂಕಿನಲ್ಲಿಲ್ಲ, ಆಫೀಸಿನ ಮೇಜಿನ ಮೇಲಿದೆ. ಹಿಂದುಗಡೆ ಪುಷ್ಟಿ ಕಲಸುವ ಹೊತ್ತಿಗೆ ಒಮ್ಮೊಮ್ಮೆ ಆ ಪುಟ ತೆಗೆಯುತ್ತೇನೆ. ತಾಯಿ ನನ್ನನ್ನು ನಗುಮೊಗದಿಂದ ಸ್ವಾಗತಿಸಿದರು, ಮಗು ತೊಟ್ಟಿಲಿನಲ್ಲಿ ಆರೋಗ್ಯವಾಗಿ ಮಲಗಿತ್ತು. ಒಂದಕ್ಷರವೂ ಸುಳ್ಳಲ್ಲ ಟೀಚರ್, ನಾನೇ ಹೋಗಿ ನೋಡಿಕೊಂಡು ಬಂದೆ. ಸಹಿ ಹಾಕಲು ನೀವೇ ಇಲ್ಲ.